ನಮ್ಮ ಪಿಕಪ್ಪಿಗೆ ಗಂಟಲು ಬಂದದ್ದು

ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ಕೊಡುವುದಿಲ್ಲ. ನನಗೆ ಕೊಡಲಿಲ್ಲ. ಮದುವೆಯಾದ ಮೊದಲ ವಾರದಲ್ಲೇ ನಾನು ಅದನ್ನು ಒಪ್ಪಿಕೊಂಡುಬಿಟ್ಟೆ. ಆದರೆ ನನ್ನ ಪಿಕಪ್ ಗಾಡಿಗೂ ಕೊಡಲಿಲ್ಲವಲ್ಲ, ಆ ಅನ್ಯಾಯವನ್ನು ಮಾತ್ರ ಇಪ್ಪತ್ತು ವರ್ಷವಾದರೂ ಅರಗಿಸಿಕೊಳ್ಳಲಾಗಲಿಲ್ಲ.

ನೋಡಲು ಅದು ಗಂಡೆದೆಯ ಗಾಡಿ. ಮಂಚ, ಕಪಾಟು, ಎಂಟು ಜನ ಕೂರುವ ಊಟದ ಮೇಜು, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ದಿಬ್ಬ ಹತ್ತಿದೆ. ಆದರೆ ಹಾರ್ನ್ ಒತ್ತಿದರೆ "ಕೀಂಯ್" ಎನ್ನುತ್ತದೆ. ಬಾಲ ತುಳಿಸಿಕೊಂಡ ಇಲಿ ಕೂಡ ಇನ್ನಷ್ಟು ಆತ್ಮವಿಶ್ವಾಸದಿಂದ ಕೂಗುತ್ತದೆ. ನಡುರಸ್ತೆಯಲ್ಲಿ ಮಲಗಿದ ನಾಯಿ ಒಂದು ಕಣ್ಣು ತೆರೆದು, "ಓ, ಇವರಾ" ಎಂಬಂತೆ ನೋಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಒಮ್ಮೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಅಜ್ಜರೊಬ್ಬರು ನನ್ನ ಹಾರ್ನ್ ಕೇಳಿ, ಹಿಂತಿರುಗಿ, ಕಿಟಕಿಯ ಬಳಿ ಬಂದು ಅಕ್ಕರೆಯಿಂದ ವಿಚಾರಿಸಿದರು: "ಸೀನಿದ್ರಾ? ಬಿಸಿನೀರು ಕುಡೀರಿ."

ಇದರಿಂದ ನನ್ನ ಬಲಗಾಲಿಗೆ ಒಂದು ಚಾಳಿ ಅಂಟಿಕೊಂಡಿತು. ಕೈ ಹಾರ್ನ್ ಒತ್ತಿದ ಕ್ಷಣವೇ ಕಾಲು ಬ್ರೇಕ್ ತುಳಿಯುತ್ತದೆ. ಯಾರೂ ಜರುಗುವುದಿಲ್ಲವೆಂದು ಕೈಗಿಂತ ಮೊದಲು ಕಾಲಿಗೆ ಗೊತ್ತು. (ಮನುಷ್ಯನ ದೇಹದಲ್ಲಿ ಅನುಭವದಿಂದ ಪಾಠ ಕಲಿಯುವ ಅಂಗ ಅದೊಂದೇ ಎಂದು ನನ್ನ ಹೆಂಡತಿಯ ಅಭಿಪ್ರಾಯ, ನನ್ನ ದೇಹದ ಮಟ್ಟಿಗೆ.)

ಮನೆಯಲ್ಲಾದರೂ ನನ್ನ ಮಾತು ನಡೆಯುತ್ತದೆಯೇ ಎಂದು ಕೇಳಬೇಡಿ. ಮೂರು ತಿಂಗಳ ಹಿಂದೆ ವೈದ್ಯರು ನನಗೆ ಸಕ್ಕರೆ ಬೇಡವೆಂದರು. ವೈದ್ಯರು ಹೇಳಿದ್ದು ಒಂದು ಸಲ, ಹೆಂಡತಿ ಮಾಡಿದ್ದು ಶಾಶ್ವತವಾಗಿ. ಅಡುಗೆಮನೆಯ ಹಲಗೆಯ ಮೇಲೆ ಸಾಲಾಗಿರುವ ಡಬ್ಬಗಳ ಚೀಟಿಗಳನ್ನು ಹಾಗೆಯೇ ಬಿಟ್ಟು, ಒಳಗಿನ ಪದಾರ್ಥಗಳನ್ನು ಮಾತ್ರ ಅದಲುಬದಲು ಮಾಡಿದಳು. 'ಸಕ್ಕರೆ' ಎಂದಿರುವ ಡಬ್ಬಕ್ಕೆ ಕೈ ಹಾಕಿದರೆ ಟೀ ಪುಡಿ ಬಂತು. ನಾನೇನು ಕಡಿಮೆಯೇ? ಮೂರು ವಾರ ಗೂಢಚಾರನ ಹಾಗೆ ಶೋಧಿಸಿ ಗುಟ್ಟು ಹಿಡಿದೆ: ಬೇಕಾದದ್ದು ಅದರ ಹೆಸರಿನ ಡಬ್ಬದಲ್ಲಿ ಇರುವುದಿಲ್ಲ, ಅದರ ಬಲಗಡೆಯ ಡಬ್ಬದಲ್ಲಿ ಇರುತ್ತದೆ. ಅಂದಿನಿಂದ ದಿನಕ್ಕೆರಡು ಚಮಚ, ಪರಮ ರಹಸ್ಯವಾಗಿ. ಗುಟ್ಟು ನನಗೆ ಗೊತ್ತೆಂದು ಅವಳಿಗೆ ಗೊತ್ತಿರಲಿಲ್ಲ. ನನ್ನ ಸಂಸಾರದಲ್ಲಿ ನಾನು ಗೆದ್ದ ಏಕೈಕ ಯುದ್ಧ ಅದು.

ಹೀಗಿರುವಾಗ ನಾನು ಏರ್ ಹಾರ್ನ್ ತಂದೆ. ಲಾರಿಗಳಲ್ಲಿ ಇರುತ್ತದಲ್ಲ, ಗಾಳಿ ತುಂಬಿಸಿ ಊದುವುದು, ಅದೇ. ಪೆಟ್ಟಿಗೆಯಲ್ಲಿ ಮಿರಮಿರ ಮಿಂಚುವ ಎರಡು ಕಹಳೆ, ಗಾಳಿ ತುಂಬಲು ಒಂದು ಕಂಪ್ರೆಸರ್, ಹಿಡಿದಿಡಲು ಒಂದು ಪುಟ್ಟ ಟ್ಯಾಂಕು, ಒಂದು ಗಜ ಪೈಪು. ಬಳಸುವ ಕ್ರಮ ಐದು ಭಾಷೆಗಳಲ್ಲಿತ್ತು, ಐದರಲ್ಲೂ ಒಂದಕ್ಷರ ನನಗೆ ತಿಳಿಯಲಿಲ್ಲ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಿದಳು. ಅವಳು ದರ್ಜಿ, ಕೊರಳಲ್ಲಿ ಅಳತೆಯ ಟೇಪು ಸದಾ ತೂಗುತ್ತಿರುತ್ತದೆ.

"ಏನ್ರೀ ಅದು, ಮದುವೆ ಬ್ಯಾಂಡು ಕಟ್ತೀರಾ?"

"ಹಾರ್ನು ಕಣೇ. ಇನ್ಮೇಲೆ ನಮ್ಮ ಗಾಡಿ ಬಂದ್ರೆ ಊರಿಗೆ ಊರೇ ಜರುಗುತ್ತೆ."

"ಜರುಗೋದು ನಮಗೆ ಸಿಗಬೇಕಾದ ಕೆಲಸ. ಸೋಮವಾರ ಏನಿದೆ, ನೆನಪಿದೆಯಾ?"

ನೆನಪಿತ್ತು. ಪೀಠೋಪಕರಣದ ಅಂಗಡಿಯವರು ಸ್ವಂತ ವ್ಯಾನು ಕೊಂಡ ಮೇಲೆ ನಮ್ಮ ಪಿಕಪ್ಪು ಎರಡು ತಿಂಗಳಿನಿಂದ ಮನೆ ಮುಂದೆ ನಿಂತು ಗುಬ್ಬಚ್ಚಿಗಳಿಗೆ ವಸತಿ ಒದಗಿಸುತ್ತಿತ್ತು. ಈಗ ಗ್ರಂಥಾಲಯದ ಪುಸ್ತಕಗಳನ್ನು ಶಾಖೆಯಿಂದ ಶಾಖೆಗೆ ಸಾಗಿಸುವ ಕೆಲಸ, ಇಡೀ ಒಂದು ವರ್ಷದ್ದು, ಕೈಗೆ ಬರುವುದರಲ್ಲಿತ್ತು. ಗ್ರಂಥಪಾಲಕಿ ನನ್ನ ಹೆಂಡತಿಯ ಶಾಲೆಯ ಗೆಳತಿ. ಸೋಮವಾರ ಹತ್ತು ಗಂಟೆಗೆ ಗಾಡಿ ತಂದು ತೋರಿಸಿ ಎಂದಿದ್ದರು.

"ಹಿಂದಿನ ಡ್ರೈವರನ್ನ ಯಾಕೆ ಕಳಿಸಿದ್ರು ಗೊತ್ತಾ? ವಾಚನಾಲಯದ ಕಿಟಕಿ ಕೆಳಗೆ ಒಂದೇ ಒಂದು ಸಲ ಹಾರ್ನ್ ಹೊಡೆದ ಅಂತ. ನಾನು ಅವಳ ಹತ್ರ ಏನು ಹೇಳಿದ್ದೀನಿ ಗೊತ್ತಾ? 'ನಮ್ಮವರು ಮನೇಲಿದ್ದಾರೋ ಇಲ್ವೋ ಅಂತ ನನಗೇ ಗೊತ್ತಾಗಲ್ಲ ಕಣೇ, ಅಷ್ಟು ಸದ್ದಿಲ್ಲದ ಮನುಷ್ಯ' ಅಂತ. ಸಾಕ್ಷಿಗೆ ಈ ತುತ್ತೂರಿ ತಗೊಂಡು ಹೋಗ್ತೀರಾ?"

"ಒತ್ತಿದರೆ ತಾನೇ ಕೂಗೋದು? ಅಲ್ಲಿ ಒತ್ತಲ್ಲ. ವೀರನಾದವನು ಕತ್ತೀನ ಒರೆಯಲ್ಲಿ ಇಟ್ಕೊಂಡಿರ್ತಾನೆ ಕಣೇ, ಎಲ್ಲಾ ಕಡೆ ಬೀಸ್ತಾನಾ?"

"ವೀರರೇ, ಮೊದಲು ಬಾಗಿಲ ಹತ್ರದ ಚಪ್ಪಲಿ ಎತ್ತಿಡಿ," ಎಂದು ಅವಳು ಮತ್ತೆ ಯಂತ್ರ ತುಳಿದಳು. ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ.

ಭಾನುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಹಳೆಯ "ಕೀಂಯ್" ಅನ್ನು ಬಿಚ್ಚಿ ಮೂಲೆಗೆಸೆದೆ. ಬಂಪರಿನ ಹಿಂದೆ ಕಹಳೆಗಳನ್ನು, ಸೀಟಿನ ಕೆಳಗೆ ಟ್ಯಾಂಕನ್ನು ಕೂರಿಸಿದೆ. ಉಳಿದದ್ದು ವೈರಿನ ಕೆಲಸ. ಸ್ಟೀರಿಂಗಿನ ಕೆಳಗೆ ಐದು ವೈರುಗಳು ಸಾಲಾಗಿ ಇಳಿಬಿದ್ದಿದ್ದವು, ಐದೂ ಒಂದೇ ಕಪ್ಪು. ಯಾವುದು ಯಾವುದರದೆಂದು ಕಂಡುಹಿಡಿಯಲು ನಾನು ಅಂಗಾತ ಮಲಗಿ ಪರೀಕ್ಷೆಯ ಬಲ್ಬು ಹಿಡಿದೆ. ಹೆಂಡತಿ ಸೀಟಿನಲ್ಲಿ ಕುಳಿತು ಹಾರ್ನು, ಬ್ರೇಕು, ದೀಪ ಎಂದು ಒಂದೊಂದನ್ನೇ ಒತ್ತಿ, ನಾನು "ಹತ್ತಿತು!" ಎಂದ ಕೂಡಲೇ ಆ ವೈರಿಗೆ ಅಂಟಿಸಲು ಬಟ್ಟೆಪಟ್ಟಿಯ ಮೇಲೆ ಹೆಸರು ಬರೆದು ಕೊಡುತ್ತಿದ್ದಳು. ಕನ್ನಡಕ ಒಳಗಿತ್ತು, ಓದದೆಯೇ ಅಂಟಿಸುತ್ತಾ ಹೋದೆ.

ಊಟ ಮಾಡಿ, ವೀರನಿಗೆ ಸಲ್ಲುವಷ್ಟು ನಿದ್ದೆ ಮಾಡಿ, ಕನ್ನಡಕ ಏರಿಸಿಕೊಂಡು ಮರಳಿದೆ. ಐದು ಚೀಟಿಗಳು, ನನ್ನ ಹೆಂಡತಿಯ ದುಂಡನೆಯ ಅಕ್ಷರ. ಅವಳ ಬರವಣಿಗೆಯ ಅರ್ಥ ನನ್ನಷ್ಟು ಬಲ್ಲವರು ಲೋಕದಲ್ಲಿ ಇನ್ನೊಬ್ಬರಿಲ್ಲ. ಒಳಗೊಳಗೇ ಮುಗುಳ್ನಗುತ್ತಾ, ಯಾರನ್ನೂ ಕೇಳದೆ, ಹಾರ್ನಿನ ವೈರನ್ನು ಹುಡುಕಿ ಜೋಡಿಸಿದೆ.

ಒತ್ತಿದೆ. ನಿಶ್ಶಬ್ದ.

"ಎಷ್ಟು ಚೆನ್ನಾಗಿದೆ! ಹೀಗೇ ಇರಲಿ," ಎಂದಳು ಹೆಂಡತಿ.

ಕಂಪ್ರೆಸರ್ ಟರ್ರೆಂದು ಓಡುತ್ತಲೇ ಇತ್ತು, ಗಾಳಿ ಮಾತ್ರ ತುಂಬುತ್ತಿರಲಿಲ್ಲ. ಎಲ್ಲೋ ಸೋರುತ್ತಿದೆ. ನಾನು ಪೈಪಿಗೆ ಕಿವಿಯಿಟ್ಟು ತೆವಳುತ್ತಿರುವಾಗ ಅವಳು ಪಾತ್ರೆ ತೊಳೆಯುವ ಸೋಪಿನ ನೊರೆ ತಂದು, ಗ್ಯಾಸ್ ಸಿಲಿಂಡರಿಗೆ ಬಳಿಯುವ ಹಾಗೆ ಪೈಪಿನುದ್ದಕ್ಕೂ ಬಳಿದಳು. ಟ್ಯಾಂಕಿನ ಕೀಲಿನ ಹತ್ತಿರ ಗುಳ್ಳೆ ಬಂತು. ಕ್ಲಿಪ್ಪನ್ನು ಬಿಗಿಮಾಡಿ, "ಈಗ ಒತ್ತಿ," ಎಂದಳು. (ಕೆಲಸ ಮಾಡಿದ್ದು ನಾನು. ಅವಳು ನೊರೆ ಹಚ್ಚಿದಳು ಅಷ್ಟೆ.)

ಒತ್ತಿದೆ. ನೆಗಡಿಯಾದ ಎಮ್ಮೆ ದಿಂಬಿನೊಳಗೆ ಮುಖವಿಟ್ಟು ಅತ್ತ ಹಾಗೆ "ಭ್ರೂಪ್" ಎಂದಿತು. ಇನ್ನೊಮ್ಮೆ, ಶಕ್ತಿಯೆಲ್ಲ ಹಾಕಿ, ಕೈಯಲ್ಲಿ ಹಾರ್ನನ್ನೂ ಎಂದಿನಂತೆ ಕಾಲಲ್ಲಿ ಬ್ರೇಕನ್ನೂ ಅದುಮಿ ಹಿಡಿದೆ. ಆಗ ಕಹಳೆಯ ಬಾಯಿಯಿಂದ ಏನೋ ಕೆಂಪಗಿನದು ಗುಂಡಿನಂತೆ ಹಾರಿ, ಎದುರು ಮನೆಯ ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರ ಪತ್ರಿಕೆಯನ್ನು ನಡುಪುಟದಲ್ಲಿ ತೂತು ಮಾಡಿತು. ಹಾರ್ನ್ ಮಾರಿದವರು ಕಹಳೆಯ ಬಾಯಿಗೆ ಹಾಕಿದ್ದ ಮುಚ್ಚಳ, ನಾನು ತೆಗೆದಿರಲಿಲ್ಲ. ಮುಚ್ಚಳದ ಹಿಂದೆಯೇ ಸದ್ದು ಬಂತು.

ಆ ಸದ್ದನ್ನು ಏನೆಂದು ಬಣ್ಣಿಸಲಿ! ಹಡಗೊಂದು ನಮ್ಮ ಬೀದಿಗೆ ದಾರಿ ತಪ್ಪಿ ಬಂದ ಹಾಗಿತ್ತು. ಒಣಗಿಸಿದ ಬಟ್ಟೆಗಳು ತಂತಿಯ ಮೇಲೆ ಎದ್ದು ನಿಂತವು. ನಡುರಸ್ತೆಯ ನಾಯಿ, ಎರಡೂ ಕಣ್ಣು ತೆರೆದುಕೊಂಡು, ಎದ್ದು ಪಕ್ಕಕ್ಕೆ ಸರಿಯಿತು. ನನ್ನ ಕಣ್ಣಲ್ಲಿ ನೀರು ಬಂತು.

ಮೇಷ್ಟ್ರು ತೂತಿನಲ್ಲಿ ಒಂದು ಕಣ್ಣಿಟ್ಟು ನನ್ನನ್ನು ನೋಡಿದರು. "ಇನ್ನೊಂದು ಸಲ ಊದಿದರೆ ನಾನು ಬಂದು ನಿಮ್ಮನ್ನ ಊದ್ತೀನಿ," ಎಂದರು. ಹಾಗಾಗಿ ಅಂದು ಗಾಡಿ ಓಡಿಸಿ ನೋಡಲಿಲ್ಲ. ಅದೇ ತಪ್ಪಾಯಿತು.

ಸೋಮವಾರ. ಒಗೆದ ಅಂಗಿ, ತೊಳೆದ ಗಾಡಿ, ಪಕ್ಕದಲ್ಲಿ ಇಸ್ತ್ರಿ ಮಾಡಿದ ಸೀರೆಯಲ್ಲಿ ಹೆಂಡತಿ. ಬೀದಿಯ ಕೊನೆಯ ತಿರುವಿನಲ್ಲಿ ಮೆತ್ತಗೆ ಬ್ರೇಕ್ ತುಳಿದೆ.

"ಭೋಂ!"

"ಯಾಕ್ರೀ ಒತ್ತಿದ್ರಿ?"

"ಒತ್ತಲಿಲ್ಲ ಕಣೇ! ನೋಡು, ಎರಡೂ ಕೈ ಮೇಲಿದೆ!"

"ಅಯ್ಯೋ, ಸ್ಟೀರಿಂಗ್ ಹಿಡ್ಕೊಳ್ರೀ!"

ಹೆದರಿ ಮತ್ತೆ ಬ್ರೇಕ್ ತುಳಿದೆ. "ಭೋಂ!" ಸೈಕಲ್ ಅಜ್ಜರು ಸೈಕಲ್ ಸಮೇತ ತರಕಾರಿ ಅಂಗಡಿಯೊಳಗೆ ಹೊಕ್ಕರು. ಇಪ್ಪತ್ತು ವರ್ಷ ನನಗೆ ದಾರಿ ಬಿಡದವರೆಲ್ಲ ಈಗ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಕನಸು ನನಸಾದ ಗಳಿಗೆಯಲ್ಲಿ ನಾನು "ದಯವಿಟ್ಟು ಯಾರೂ ಜರುಗಬೇಡಿ" ಎಂದು ಪ್ರಾರ್ಥಿಸುತ್ತಿದ್ದೆ.

"ಬ್ರೇಕ್ ಒತ್ತಿದಾಗೆಲ್ಲ ಕೂಗ್ತಿದೆ," ಎಂದಳು ಹೆಂಡತಿ. "ನಿಲ್ಲಿಸಿ, ಫ್ಯೂಸ್ ಕಿತ್ತು ಬಿಸಾಡಿ."

"ನಿಲ್ಲಿಸಬೇಕಾದ್ರೆ ಬ್ರೇಕ್ ಒತ್ತಬೇಕಲ್ಲ! ಹತ್ತಕ್ಕೆ ಐದೇ ನಿಮಿಷ ಇದೆ. ಬ್ರೇಕ್ ಮುಟ್ಟದೆ ಹೋಗ್ತೀನಿ, ಸುಮ್ಮನೆ ಕೂತ್ಕೋ."

ಹೋದೆ. ಮೊದಲನೇ ಗೇರಿನಲ್ಲಿ, ಮೆರವಣಿಗೆಯ ವೇಗದಲ್ಲಿ, ಬೇಕಾದಲ್ಲಿ ಕೈಬ್ರೇಕ್ ಎಳೆಯುತ್ತಾ, ಒಂದೇ ಒಂದು ಸದ್ದಿಲ್ಲದೆ ಗ್ರಂಥಾಲಯದ ಗೇಟು ದಾಟಿದೆ. ಗೆದ್ದೆ ಎಂದುಕೊಂಡು ಹೆಂಡತಿಯ ಕಡೆ ನೋಡಿದೆ. ಅವಳು ಮುಂದೆ ನೋಡುತ್ತಿದ್ದಳು. ಮುಂದೆ ಇಳಿಜಾರಿತ್ತು.

ಪುಸ್ತಕ ತುಂಬುವ ಬಾಗಿಲು ಹಿಂಭಾಗದಲ್ಲಿದೆ. ಅಲ್ಲಿಗೆ ದಾರಿ ವಾಚನಾಲಯದ ಕಿಟಕಿಗಳಿಗೆ ಮೈ ಉಜ್ಜಿಕೊಂಡೇ ಇಳಿಯುತ್ತದೆ. ಕೆಳಗೆ ಗ್ರಂಥಪಾಲಕಿ ಕೈ ಕಟ್ಟಿ ನಿಂತಿದ್ದರು, ಅವರ ಎರಡೂ ಪಕ್ಕಕ್ಕೆ ಹೂಕುಂಡಗಳು. ಕೈಬ್ರೇಕ್ ಎಳೆದೆ. ದಾರಿಯುದ್ದಕ್ಕೂ ದುಡಿದು ಬಳಲಿದ್ದ ಅದು ಬಾಳೆದಿಂಡಿನ ಹಾಗೆ ಮೆತ್ತಗೆ ಮೇಲೆ ಬಂತು. ಗಾಡಿ ಉರುಳತೊಡಗಿತು. ಗ್ರಂಥಪಾಲಕಿಯ ಪ್ರಾಣ ಒಂದು ಕಡೆ, ಶಾಂತಿ ಇನ್ನೊಂದು ಕಡೆ. ನಾನು ಪ್ರಾಣವನ್ನು ಆರಿಸಿಕೊಂಡೆ.

"ಭೋಂಂಂಂಂಂಂ..."

ಗಾಡಿ ಹೂಕುಂಡಕ್ಕೆ ಗೇಣಿನ ಅಂತರದಲ್ಲಿ ನಿಂತಿತು. ಸದ್ದು ನಿಲ್ಲಲಿಲ್ಲ, ಏಕೆಂದರೆ ಭಯದಿಂದ ನನ್ನ ಕಾಲು ಬ್ರೇಕಿನ ಮೇಲೆ ಕಲ್ಲಾಗಿತ್ತು. ಹೆಂಡತಿ ಬಗ್ಗಿ, ನನ್ನ ಪಾದವನ್ನು ಎರಡೂ ಕೈಯಿಂದ ಹಿಡಿದು, ಮುಳ್ಳು ತೆಗೆಯುವವರ ಹಾಗೆ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಬಂದ ಮೌನದಲ್ಲಿ ಕಿಟಕಿಗಳಲ್ಲಿ ಕನ್ನಡಕಗಳು ಒಂದೊಂದಾಗಿ ಮೂಡಿದವು.

ಬಗ್ಗಿದವಳು ಮೇಲೆ ಏಳಲಿಲ್ಲ. ವೈರುಗಳನ್ನು ನೋಡುತ್ತಿದ್ದಳು.

"ರೀ. ಇದರ ಮೇಲೆ ಏನು ಬರೆದಿದೆ?"

"ಬ್ರೇಕ್."

"ಇದರ ಎಡಗಡೇದು?"

"ಹಾರ್ನ್."

"ಹೊಸ ಹಾರ್ನಿನ ವೈರನ್ನ ಯಾವುದಕ್ಕೆ ಜೋಡಿಸಿದ್ದೀರಿ?"

"ಬ್ರೇಕ್ ಅಂತ ಬರೆದಿರೋದಕ್ಕೆ. ನಿನ್ನ ಚೀಟಿ ಅಲ್ವಾ! ಹಾರ್ನ್ ಬೇಕು ಅಂದ್ರೆ ಅದರ ಬಲಗಡೇದು ತಾನೇ ತಗೋಬೇಕು? ಸಕ್ಕರೆ ಹಾಗೇ..."

ಅಲ್ಲಿಗೆ ನಿಲ್ಲಿಸಿದೆ. ಆದರೆ ಸಕ್ಕರೆ ಬಾಯಿಂದ ಹೊರಬಿದ್ದಾಗಿತ್ತು.

ಹೆಂಡತಿ ನಿಧಾನವಾಗಿ ಮೇಲೆದ್ದಳು. "ಗಾಡಿ ಅಂತ ಇದೊಂದು ಸಲ ಸರಿಯಾಗಿ ಬರೆದಿದ್ದೆ," ಎಂದಳು. "ಎಷ್ಟು ದಿನದಿಂದ?"

"ಎರಡು ತಿಂಗಳು... ದಿನಕ್ಕೆ ಎರಡೇ ಚಮಚ ಕಣೇ."

"ನಾನು ಇರುವೆ ತಿಂತಿದೆ ಅಂತ ಹಲಗೆಗೆಲ್ಲ ಅರಿಶಿನ ಬಳಿದೆ!"

ಗ್ರಂಥಪಾಲಕಿ ಕಿಟಕಿಯ ಬಳಿ ಬಂದಿದ್ದರು. ಕೆಲಸದ ವೇಳೆಯಲ್ಲಿ ಆಕೆ ಮಾತನಾಡುವುದಿಲ್ಲ, ಬರೆದು ತೋರಿಸುತ್ತಾರೆ. ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಬರೆದು, ಹಾಳೆ ಹರಿದು, ನನ್ನನ್ನು ದಾಟಿಸಿ ಹೆಂಡತಿಗೆ ಕೊಟ್ಟರು. ಅವಳು ಓದಿ, ಕಾಗದದ ಇನ್ನೊಂದು ಮಗ್ಗುಲಲ್ಲಿ ಏನೋ ಬರೆದು ಮರಳಿಸಿದಳು. ಇಬ್ಬರೂ ತಲೆಯಾಡಿಸಿದರು. ನನ್ನ ಭವಿಷ್ಯ ನನ್ನ ಮೂಗಿನ ಮುಂದೆಯೇ ಎರಡು ಸಲ ಓಡಾಡಿತು, ನನಗೆ ಒಂದಕ್ಷರ ಕಾಣಲಿಲ್ಲ.

ಸಂಜೆ ತೋರಿಸಿದಳು. ಮೊದಲ ಮಗ್ಗುಲಲ್ಲಿ: "ಗಾಡಿ ಬೇಕು. ಹಾರ್ನ್ ಬೇಡ. ಚಾಲಕ ಬೇಡ." ಹಿಂದೆ ನನ್ನ ಹೆಂಡತಿಯ ದುಂಡನೆಯ ಅಕ್ಷರ: "ನನಗೆ ಓಡಿಸಲು ಬರುತ್ತದೆ. ಇವರು ಪುಸ್ತಕ ಹೊರುತ್ತಾರೆ."

ಹೌದು, ಕೆಲಸ ಸಿಕ್ಕಿತು. ಕಹಳೆಗಳು ಈಗ ಮೇಷ್ಟ್ರ ಮನೆಯ ಅಂಗಳದಲ್ಲಿ ಬಳ್ಳಿ ಹಬ್ಬಿಸಿಕೊಂಡಿವೆ. ಪತ್ರಿಕೆಯ ತೂತಿಗೆ ಪರಿಹಾರವೆಂದು ಅವರೇ ಕೇಳಿ ಪಡೆದರು. ಅಡುಗೆಮನೆಯ ಡಬ್ಬಗಳಿಗೆ ಹೊಸ ಕ್ರಮ ಬಂದಿದೆ. ನಿನ್ನೆ ನನ್ನ ಟೀಗೆ ಸೋಪಿನ ಪುಡಿ ಹಾಕಿಕೊಂಡೆ.

ಹಳೆಯ "ಕೀಂಯ್" ಮೂಲೆಯಲ್ಲಿ ತುಕ್ಕು ಹಿಡಿದು ಪ್ರಾಣ ಬಿಟ್ಟಿತ್ತು. ಹೊಸದು ಹಾಕಿಸುವವರೆಗೆ, ಹೆಂಡತಿ ಗಾಡಿ ಓಡಿಸುತ್ತಾಳೆ, ನಾನು ಪಕ್ಕದ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಸ್ವಲ್ಪ ಜರುಗಿ, ಸ್ವಲ್ಪ ದಾರಿ ಬಿಡಿ" ಎಂದು ಕೂಗಬೇಕು. ಇವತ್ತು ಬೆಳಿಗ್ಗೆ ತರಕಾರಿ ಅಂಗಡಿಯ ಮುಂದೆ ಎದೆಯುಬ್ಬಿಸಿ, ಇದ್ದ ಕಂಠವನ್ನೆಲ್ಲ ಒಗ್ಗೂಡಿಸಿ ಕೂಗಿದೆ. ನಾಯಿ ಒಂದು ಕಣ್ಣು ತೆರೆದು ಮುಚ್ಚಿಕೊಂಡಿತು.

ಸೈಕಲ್ ಅಜ್ಜರು ಮಾತ್ರ ನಿಂತು, ಹಿಂತಿರುಗಿ, ಅಕ್ಕರೆಯಿಂದ ನನ್ನ ಮುಖ ನೋಡಿದರು.

"ಇನ್ನೂ ವಾಸಿಯಾಗಲಿಲ್ವಾ?"