ವೈದ್ಯರನ್ನು ಕೂಡಿಹಾಕುವ ಕ್ರಮದ ಕುರಿತು

ಜಾವಕ ನಂಬರು: ವೈದ್ಯ/ಕೂಡು/ಅಗಳಿ/೧೭
ತಾರೀಖು: ೯ನೇ ಏಪ್ರಿಲ್ ೧೯೫೪

ಇವರಿಗೆ: ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ಭಾಗದ ಸಮಸ್ತ ಡಾಕ್ಟರರು, ಪಂಡಿತರು, ಎಲುಬು ಕೂಡಿಸುವವರು ಮತ್ತು ಸದರಿಯವರ ಕೈಗೆ ಸಿಕ್ಕಿರುವ ಸಾರ್ವಜನಿಕರು.

ವಿಷಯ: ಒಬ್ಬ ರೋಗಿಗೆ ಮೂವರು ಮೂರು ಪಥ್ಯ ಹೇಳುವುದನ್ನು ನಿಲ್ಲಿಸಿ, ಕೂಡಿ ವಿಚಾರಿಸಿ ಚಿಕಿತ್ಸೆ ನೀಡುವ ಬಗ್ಗೆ.

ಉಲ್ಲೇಖ: (ಅ) ಡಾಕ್ಟರ ದಿಗಂಬರ ಅವರು ದವಾಖಾನೆಗೆ ತಡವಾಗಿ ಬಂದುದಕ್ಕೆ ಕಾರಣವೆಂದು ಬರೆದ 'ಕೂಡಿಹಾಕಲ್ಪಟ್ಟಿದ್ದೆ' ಎಂಬ ಒಂದು ಶಬ್ದ.
(ಆ) ಕೂಡಿಹಾಕಿದವರ ಬಾಯಿಹೇಳಿಕೆ.

೧. ಸುರೇಬಾನದ ರೈತ ಮನೆತನದ ತಾಯವ್ವ ಎಂಬ ವೃದ್ಧೆಯು ಕಣಿಕೆಯ ಬಣವೆಯಿಂದ ಬಿದ್ದು, ಮೊಣಕಾಲ ಕೆಳಗೆ ಎಲುಬು ಮುರಿದುಕೊಂಡ ಸಂಗತಿ ಈ ಆರೋಗ್ಯ ಖಾತೆಯ ಗಮನಕ್ಕೆ ಬಂದಿದೆ. ಈ ವಯಸ್ಸಿನಲ್ಲಿ ಬಣವೆ ಏರುವ ಪ್ರಸಂಗವೇಕೆ ಬಂತೆಂದು ವಿಚಾರಿಸಲಾಗಿ, "ಆಡು ಏರಿತ್ತರಿ, ಇಳಸಾಕ ಹೋದೆ. ಅದು ತಾನ ಜಿಗದು ಇಳೀತು. ನಾನು ಬಿದ್ದು ಇಳದೆ" ಎಂದು ತಿಳಿಸಿರುತ್ತಾರೆ. ಆಡಿನ ವಿಷಯ ಈ ಖಾತೆಗೆ ಸೇರಿದ್ದಲ್ಲ.

೨. ಅದೇ ಊರಿನ ಎಲುಬು ಕೂಡಿಸುವ ಯಮನಪ್ಪನು ಬಿದಿರು ದಬ್ಬೆ ಇಟ್ಟು ಕಾಲು ಕಟ್ಟಿದನು. ಊರೂರು ತಿರುಗುವ ದೌರೆಯ ಮೇಲೆ ಬಂದ ಡಾಕ್ಟರ ದಿಗಂಬರ ಅವರು ದಬ್ಬೆ ಬಿಚ್ಚಿಸಿ ಪ್ಲಾಸ್ಟರ್ ಹಾಕಿದರು. ವೃದ್ಧೆಯ ಕೆಮ್ಮಿಗೆಂದು ಕರೆಸಿದ ನೀಲಕಂಠ ಪಂಡಿತರು ಬಾವು ಕಂಡು, ಪ್ಲಾಸ್ಟರ್ ಒಡೆಸಿ ಎಣ್ಣೆ ಹಚ್ಚಿದರು. ಯಮನಪ್ಪನು ಮತ್ತೆ ಬಂದು ಎಣ್ಣೆ ತೊಳೆದನು. ಹೀಗೆ ಕಾಲನ್ನು ಎಲ್ಲರೂ ಬಿಚ್ಚಿದರೇ ಹೊರತು ಯಾರೂ ಇದ್ದಲ್ಲಿ ಇರಗೊಡಲಿಲ್ಲ. ಬೆರಳುಗಳು ಕಪ್ಪಿಡತೊಡಗಿದವು. ಇದು ಹೀಗೇ ನಡೆದರೆ ಕಾಲನ್ನೇ ತೆಗೆಯಬೇಕಾದೀತೆಂದು ಡಾಕ್ಟರರು ಹೇಳಿದರು. ಮೂವರಲ್ಲಿ ಮೂವರೂ ಒಪ್ಪಿದ ಮೊದಲ ಮಾತು ಇದೇ ಎಂದು ತಿಳಿದುಬರುತ್ತದೆ.

೩. ಪಥ್ಯದ ಸಂಗತಿ ಇದಕ್ಕಿಂತ ಗಂಭೀರವಾಗಿದೆ. ಡಾಕ್ಟರರು ಹಾಲು ಹಣ್ಣು ಕೊಡಿರೆಂದು ಹೇಳಿ ರೊಟ್ಟಿ ತುಪ್ಪ ಬೇಡವೆಂದರು. ಯಮನಪ್ಪನು ರೊಟ್ಟಿ ತುಪ್ಪವೇ ಬೇಕು, ಹೆಸರುಬೇಳೆಯ ಗಂಜಿ ಮಾತ್ರ ಕೂಡದೆಂದನು. ಪಂಡಿತರು ಗಂಜಿಯ ಹೊರತು ಬೇರೇನನ್ನೂ, ವಿಶೇಷವಾಗಿ ಹಾಲು ಹಣ್ಣನ್ನು, ಕೆಮ್ಮು ಇರುವತನಕ ಮುಟ್ಟಬಾರದೆಂದರು. ಮೂರೂ ಅಪ್ಪಣೆಗಳನ್ನು ಚಾಚೂ ತಪ್ಪದೆ ಪಾಲಿಸಲಾಗಿ, ವೃದ್ಧೆಯ ಪಾಲಿಗೆ ಬಿಸಿನೀರು ಉಳಿಯಿತು. "ಮೊದಲ ಕಾಲ ಹೋಗತೈತೇನ, ಮೊದಲ ನಾನ ಹೋಗತೇನೇನ, ಅದನ್ನೂ ಮೂರು ಮಂದಿನ್ನ ಕೇಳಿ ಬಾರವ್ವ" ಎಂದು ಆಕೆ ಸೊಸೆಗೆ ಹೇಳಿದ್ದು ನಮೂದಾಗಿದೆ.

೪. ಸದರಿ ಸೊಸೆ ಸಿದ್ದಲಿಂಗವ್ವಳು ಉಳಿದಿಬ್ಬರು ಬರುವುದಿಲ್ಲವೆಂದು ಮೂವರಿಗೂ ಬೇರೆಬೇರೆಯಾಗಿ ಹೇಳಿ ಕಳಿಸಿ, ಒಂದೇ ಮುಂಜಾನೆ ಮೂವರನ್ನೂ ಅತ್ತೆಯ ಕೋಣೆಗೆ ಬರಮಾಡಿಕೊಂಡು, ಹೊರಗಿನಿಂದ ಅಗಳಿ ಹಾಕಿದಳು.

೫. ಮಧ್ಯಾಹ್ನದವರೆಗೆ ಒಳಗಿನಿಂದ ಜಗಳ ಕೇಳಿಬರುತ್ತಿತ್ತು. ಅನಂತರ ಜಗಳ ನಿಂತು, "ಸಿದ್ದಲಿಂಗವ್ವ, ಹೊಟ್ಟಿ ಹಸದೈತಿ. ಬಾಗಲಾ ತಗೀದಿದ್ರ ಬಿಡು, ಏನರ ತಿನ್ನಾಕ ಕೊಡು" ಎಂದು ಡಾಕ್ಟರರು ಕೂಗಿದರು. ಅದಕ್ಕೆ ಆಕೆ ಕೊಟ್ಟ ಉತ್ತರ ಹೀಗಿದೆ: "ಏನ್ ಕೊಡ್ಲಿರಿ ಸಾಹೇಬ್ರ? ಹಾಲು ಪಂಡಿತ್ರು ಬ್ಯಾಡ ಅಂದಾರ. ರೊಟ್ಟಿ ನೀವ ಬ್ಯಾಡ ಅಂದೀರಿ. ಗಂಜಿ ಯಮನಪ್ಪಣ್ಣ ಬ್ಯಾಡ ಅಂದಾನ. ಬಿಸಿನೀರ ಐತಿ, ಕುಡೀರಿ." ಕಿಟಕಿಯಿಂದ ಒಂದು ತಂಬಿಗೆ ಬಿಸಿನೀರು ಒಳಗೆ ಕೊಡಲಾಯಿತು.

೬. ಬಿಸಿನೀರು ಹೊಟ್ಟೆಗಿಳಿದ ಸ್ವಲ್ಪ ಹೊತ್ತಿಗೆ, "ಹಾಲು ಹಸೀದು ಬ್ಯಾಡ. ಶುಂಠಿ ಹಾಕಿ ಕಾಸಿದ್ರ ಅಡ್ಡಿಯಿಲ್ಲ" ಎಂದು ಪಂಡಿತರ ಧ್ವನಿ ಬಂತು. ಆ ಹಾಲಿನಲ್ಲಿ ರೊಟ್ಟಿ ಮುರಿದು ನೆನೆಸಿದರೆ ತಮ್ಮದೇನೂ ತಕರಾರಿಲ್ಲವೆಂದು ಡಾಕ್ಟರರು ಹೇಳಿದರು. ಯಮನಪ್ಪನು ಗಂಜಿಗೂ ಒಪ್ಪಿದನು. ನಂತರ ಮೂವರೂ, ಈ ಖಾತೆಯ ಹಿಂದಿನ ದಾಖಲೆಗಳಲ್ಲಿ ಎಲ್ಲಿಯೂ ಕಂಡುಬರದ ರೀತಿಯಲ್ಲಿ, ಒಂದೇ ಕಾಲನ್ನು ಒಂದೇ ಸಲ ನೋಡಿದರು. ಬಾವು ಇಳಿಯುವತನಕ ದಬ್ಬೆಯನ್ನು ಸಡಿಲು ಕಟ್ಟುವುದು, ಇಳಿದ ಮೇಲೆ ಪ್ಲಾಸ್ಟರ್ ಹಾಕುವುದು, ಅದನ್ನು ತೆಗೆದ ಮೇಲಷ್ಟೇ ಎಣ್ಣೆ ಹಚ್ಚುವುದು ಎಂದು ಠರಾಯಿಸಿದರು. ಅಗಳಿ ತೆಗೆಯಲಾಯಿತು. ಮೊದಲ ಬಟ್ಟಲು ತಾಯವ್ವನಿಗೆ ಬಡಿಸಲಾಯಿತು. ಆಕೆ ಉಣ್ಣುವುದನ್ನು ಮೂವರೂ ನಿಂತು ನೋಡಿದರು. ಯಮನಪ್ಪನ ಕಣ್ಣಲ್ಲಿ ನೀರು ಬಂದದ್ದಕ್ಕೆ ಒಲೆಯ ಹೊಗೆ ಕಾರಣವೆಂದು ಆತನೇ ತಿಳಿಸಿದ್ದು, ಅದನ್ನು ಒಪ್ಪಲಾಗಿದೆ.

೭. ತಾಯವ್ವನವರು ಯುಗಾದಿಗೆ ಕೋಲೂರಿ ಅಂಗಳಕ್ಕೆ ಬಂದಿರುತ್ತಾರೆ. ಕಾಲು ಉಳಿದಿರುತ್ತದೆ. ಆದರೆ ಸದರಿ ಗುಣವು ಖಾತೆಯ ಪೂರ್ವಾನುಮತಿ ಇಲ್ಲದೆ ಆಗಿರುವುದರಿಂದ, ಇನ್ನು ಮುಂದಿನ ಗುಣಗಳು ಕ್ರಮಬದ್ಧವಾಗಿ ಆಗಲೆಂದು ಈ ಕೆಳಗಿನಂತೆ ವಿಧಿಸಲಾಗಿದೆ:

(ಕ) ವೈದ್ಯರನ್ನು ಉಪವಾಸವಿರುವಾಗಲೇ ಕೂಡಿಹಾಕತಕ್ಕದ್ದು. ಮನೆಯಲ್ಲಿ ಉಂಡು ಬಂದವರನ್ನು ಮರುದಿನ ಕೂಡಿಹಾಕತಕ್ಕದ್ದು.

(ಖ) ಅಗಳಿಯು ಬಾಗಿಲ ಹೊರಮಗ್ಗುಲಿಗೆ ಇರತಕ್ಕದ್ದು. ಹೊರಗೆ ಅಗಳಿ ಇಲ್ಲದ ಮನೆಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂಡ್ರಲು ಭಾರವಾದ ನೆಂಟರೊಬ್ಬರನ್ನು ಕರೆಸಿಕೊಳ್ಳತಕ್ಕದ್ದು.

(ಗ) ಕಿತ್ತೂರಿನಲ್ಲಿ ಪ್ರಯೋಗಾರ್ಥ ಕೂಡಿಹಾಕಲಾಗಿದ್ದ ಪಂಡಿತರೊಬ್ಬರು ಕಿಟಕಿಯಿಂದ ಪಾರಾಗಿರುತ್ತಾರೆ. ಇನ್ನು ಮುಂದೆ ತೆಳ್ಳಗಿನ ವೈದ್ಯರನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಇಡತಕ್ಕದ್ದು.

(ಘ) ಬೈಲಹೊಂಗಲದಲ್ಲಿ ಮೂವರೂ ಒಳಹೊಕ್ಕ ಕೂಡಲೇ ಒಮ್ಮತಕ್ಕೆ ಬಂದು, ರೋಗಿಗೆ ರೋಗವೇ ಇಲ್ಲವೆಂದು ಬರೆದುಕೊಟ್ಟು ಊಟಕ್ಕೆ ಹೋಗಿರುತ್ತಾರೆ. ಇಂಥ ಒಮ್ಮತವನ್ನು ಒಮ್ಮತವೆಂದು ಪರಿಗಣಿಸಲಾಗದು. ರೋಗಿಯು ಕೆಮ್ಮುತ್ತಲೇ ಇದ್ದನು.

(ಙ) ಸವದತ್ತಿಯಲ್ಲಿ ಅಗಳಿ ತೆಗೆದ ಮೇಲೂ ಮೂವರು ಹೊರಬಾರದೆ ಎಲೆ ಅಡಿಕೆ ಹಾಕಿಕೊಂಡು ಹರಟುತ್ತ ಕುಳಿತಿರುವ ವರದಿ ಇದೆ. ಕೂಡಿಹಾಕುವುದಕ್ಕೆ ಹಾಕಿದಷ್ಟೇ ಶ್ರಮವನ್ನು ಹೊರಡಿಸುವುದಕ್ಕೂ ಹಾಕತಕ್ಕದ್ದು.

೮. ಎಲ್ಲ ಊರುಗಳ ಅಗಳಿ ನೋಡಿಕೊಳ್ಳಲು ಸಿದ್ದಲಿಂಗವ್ವಳಿಗೆ ಬಿನ್ ಪಗಾರಿ, ಅಂದರೆ ಸಂಬಳವಿಲ್ಲದ, ಹುದ್ದೆಯೊಂದನ್ನು ದಯಪಾಲಿಸಲಾಗಿತ್ತು. "ನಮ್ಮತ್ತಿ ಕಾಲಿಗೆ ಅಗಳಿ ಹಾಕಿದೆರಿ. ಊರಮಂದಿ ಕಾಲಿಗೆ ಅವರವರ ಮನ್ಯಾಗ ಸೊಸ್ತ್ಯಾರು ಇಲ್ಲೇನ್ರಿ?" ಎಂದು ಆಕೆ ಹುದ್ದೆಯನ್ನು ನಿರಾಕರಿಸಿರುತ್ತಾಳೆ. ಆದ್ದರಿಂದ ಸದರಿ ಅಧಿಕಾರವನ್ನು ಆಯಾ ಮನೆಯ ಸೊಸೆಗೆ ವಹಿಸಲಾಗಿದೆ. ಸೊಸೆ ಇಲ್ಲದ ಮನೆಯವರು ಸದ್ಯಕ್ಕೆ ಕಾಯಿಲೆ ಬೀಳಬಾರದೆಂದು ವಿನಂತಿ.

(ಸಹಿ ಓದಲಾಗುವುದಿಲ್ಲ)
ಮುಖ್ಯಾಧಿಕಾರಿಗಳ ಪರವಾಗಿ
(ಮುಖ್ಯಾಧಿಕಾರಿಗಳು ಕೆಮ್ಮಿನ ನಿಮಿತ್ತ ರಜೆಯಲ್ಲಿದ್ದು, ಮನೆಯಲ್ಲಿ ಸೊಸೆ ಇರುತ್ತಾಳೆ)

ಪ್ರತಿಗಳು:
– ಶ್ರೀಮತಿ ತಾಯವ್ವ, ಸುರೇಬಾನ. ಊಟವಾದ ಮೇಲೆ ಓದಿ ಹೇಳತಕ್ಕದ್ದು.
– ಕಿತ್ತೂರಿನ ತೆಳ್ಳಗಿನ ಪಂಡಿತರು. ಸಿಕ್ಕಲ್ಲಿ ಕೊಡತಕ್ಕದ್ದು.
– ಡಾಕ್ಟರ ದಿಗಂಬರ, ನೀಲಕಂಠ ಪಂಡಿತರು ಹಾಗೂ ಯಮನಪ್ಪ. ಮೂವರಿಗೂ ಸೇರಿ ಒಂದೇ ಪ್ರತಿ. ಕೂಡಿ ಕುಳಿತು ಓದಿಕೊಳ್ಳತಕ್ಕದ್ದು.