ಒಗ್ಗರಣೆ ಹಾಕಿದ ಮಳೆ

ನಮ್ಮ ಸೋದರಮಾವನ ಮನೆಯಲ್ಲಿ ಮಳೆ ಶುರುವಾಗುತ್ತಿದ್ದುದೇ ಅಡುಗೆಮನೆಯಿಂದ ಎಂದರೆ ನೀವು ನಂಬಲಾರಿರಿ. ಕಣ್ಣಾರೆ ಕಾಣದಿದ್ದರೆ ನಾನಾದರೂ ಎಲ್ಲಿ ನಂಬುತ್ತಿದ್ದೆ!

ಯುದ್ಧ ನಡೆಯುತ್ತಿದ್ದ ಕಾಲ. ಮಾವ ಮುಳಬಾಗಿಲಿನ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಶಾಲೆಯ ಮೇಷ್ಟರು. ಓದಿಗೆಂದು ನನ್ನನ್ನೂ ಅವರ ಮನೆಯಲ್ಲೇ ಬಿಟ್ಟಿದ್ದರು. ಶಾಲೆಗೂ ಮನೆಗೂ ನಡುವೆ ಒಂದು ಮೋಟುಗೋಡೆ. ಮೋಡದ ಪಾಠ ಬಂತೆಂದರೆ ಇಡೀ ತರಗತಿ ಗೋಡೆ ಹಾರಿ ಅತ್ತೆಯ ಒಲೆಯ ಮುಂದೆ ಹಾಜರು! ಮಾವ ಮುದ್ದೆಗೆ ಇಟ್ಟ ಎಸರಿನ ಮುಚ್ಚಳ ಎತ್ತಿ, "ನೋಡ್ರೋ, ಇದು ಕೆರೆ. ಇದು ಆವಿ. ಮೇಲೆ ಹೋಗಿ ತಣ್ಣಗಾಗಿ ಹನಿ ಬಿತ್ತಲ್ಲ, ಅದೇ ಮಳೆ" ಎನ್ನುವರು. ಹಿಂದಿನವರಿಗೆ ಕಾಣಲಿಲ್ಲವೆಂದು ಮತ್ತೊಮ್ಮೆ ಎತ್ತುವರು. ಅಂದಿನ ಮುದ್ದೆ ಗಂಟುಗಂಟಾದರೆ ಅದು ಅತ್ತೆಯ ತಪ್ಪೇ? ನೀರು ಆವಿಯಾಗುವುದನ್ನು ತೋರಿಸಲು ತಮ್ಮ ಒದ್ದೆ ಪಂಚೆಯನ್ನು ಕರಿಹಲಗೆಯ ಮೇಲೆ ಹರವಿ, ಅದು ಒಣಗುವವರೆಗೆ ಟವೆಲು ಸುತ್ತಿಕೊಂಡೇ ಪಾಠ ಮಾಡಿದ್ದೂ ಉಂಟು. ಅತ್ತೆ ಪಲಮನೇರಿನ ಕಡೆಯವರು. "ಈಯನಕಿ ವಾನ ಪಿಚ್ಚಿ" ಎಂದು ತೆಲುಗಿನಲ್ಲಿ ಗೊಣಗುವರು. ಮಳೆಯ ಹುಚ್ಚು ಎಂದು ಬೈಸಿಕೊಂಡರೆ ಮಾವನಿಗೆ ಬಿರುದು ಸಿಕ್ಕಷ್ಟು ಸಂತೋಷ.

ಸೀಮೆಎಣ್ಣೆಗೆ ಬರ ಬಂದಿದ್ದರಿಂದ ಖಾಲಿ ಡಬ್ಬಗಳಿಗೆ ಬರವಿರಲಿಲ್ಲ. ಮಾವ ಒಂದರ ಬಾಯಿ ಕತ್ತರಿಸಿ, ಒಳಗೆ ಸೀಸೆಯಿಟ್ಟು, ಅದಕ್ಕೊಂದು ಆಲಿಕೆ ಸಿಕ್ಕಿಸಿ, ಶಾಲೆಯ ಅಂಗಳದಲ್ಲಿ ಹೂತು ಮಳೆ ಅಳೆಯುವ ಯಂತ್ರ ಮಾಡಿದರು. ಗಾಳಿ ತಿರುಗಿದೆ, ಇನ್ನೇನು ಮಳೆ ಬಂತು ಎಂದು ಮಕ್ಕಳಿಗೆ ಮಾತೂ ಕೊಟ್ಟರು. ಮಳೆ ಮಾತ್ರ ಮಾತು ಕೊಟ್ಟಿರಲಿಲ್ಲ! ನಾವು ದಿನಾ ಬೆಳಿಗ್ಗೆ ಓಡಿಹೋಗಿ ಒಣ ಸೀಸೆ ನೋಡಿ ಸಪ್ಪೆ ಮುಖ ಮಾಡಿಕೊಂಡು ಬರುತ್ತಿದ್ದೆವು.

ಅಷ್ಟರಲ್ಲಿ ಊರಿನವರು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು, ತಲೆಯ ಮೇಲೆ ಹೊತ್ತು ಮನೆಮನೆಗೂ ಬಂದರು. ಹೆಂಗಸರು ಅವನ ಮೇಲೆ ಕೊಡಗಟ್ಟಲೆ ನೀರು ಹುಯ್ದರು. ಹುಯ್ದರೆ ಮಳೆ ಬರುತ್ತದಂತೆ. ಮಾವ ನಕ್ಕರು. ನಕ್ಕು ಸುಮ್ಮನಿದ್ದರೇ? ಸೀಸೆಗೆ ನೀರು ಬೀಳುವವರೆಗೂ ರಾತ್ರಿ ಊಟ ಮುಟ್ಟುವುದಿಲ್ಲ ಎಂದುಬಿಟ್ಟರು! ಇದೇನು ಹರಕೆಯೇ ಎಂದು ಅತ್ತೆ ಕೇಳಿದ್ದಕ್ಕೆ, "ಹರಕೆ ಅಲ್ಲ ಕಣೇ, ಪ್ರಯೋಗ" ಎಂದರು.

ಮಾವ ಮೊದಲೇ ಕಡ್ಡಿ. ಈಗ ಪಾಠ ಮಾಡುತ್ತ ಮೇಜು ಹಿಡಿದುಕೊಳ್ಳತೊಡಗಿದರು. ಅತ್ತೆ ಅವರ ಪಾಲಿನ ಮುದ್ದೆ ಮುಚ್ಚಿಟ್ಟು, ತಾವೂ ಉಣ್ಣದೆ ಕೂರುತ್ತಿದ್ದರು.

ಒಂದು ಬೆಳಿಗ್ಗೆ ನೋಡಿದರೆ ಸೀಸೆಯಲ್ಲಿ ನೀರು! ಹುಡುಗರು ಕುಣಿದರು. ನೆಲವೇಕೆ ನೆಂದಿಲ್ಲ ಎಂದು ನಾನು ಕೇಳಿದೆ. ಮಾವ ಇಬ್ಬನಿಯ ಪಾಠ ಶುರು ಮಾಡಿ, ಸೀಸೆಯನ್ನು ಬಿಸಿಲಿಗೆ ಹಿಡಿದವರು ಅಲ್ಲಿಗೇ ನಿಲ್ಲಿಸಿದರು. ನೀರಿನಲ್ಲಿ ಒಂದು ಸಾಸಿವೆ ಕಾಳು ತೇಲುತ್ತಿತ್ತು. ಯಾವ ಮೋಡ ಒಗ್ಗರಣೆ ಹಾಕಿಕೊಂಡು ಬರುತ್ತದೆ, ನೀವೇ ಹೇಳಿ!

ಇದು ಮಳೆಯಲ್ಲ, ಯಾರೋ ಹುಯ್ದ ನೀರು ಎಂದು ಮಕ್ಕಳಿಗೆ ನಿಜವನ್ನೇ ಹೇಳಿ, ಗೋಡೆ ದಾಟಿ ಮನೆಗೆ ನಡೆದರು. ಹಿಂದೆಯೇ ನಾನು. ಅತ್ತೆ ಏನನ್ನೂ ಮುಚ್ಚಿಡಲಿಲ್ಲ.

"ಮಳೆರಾಯನಿಗೆ ಊರೆಲ್ಲ ಹುಯ್ತು. ನಿಮ್ಮ ಡಬ್ಬಕ್ಕೆ ಹುಯ್ಯೋರು ಯಾರಿದ್ದಾರೆ? ಮಳೆ ಬಂದ್ರೆ ಬರ್ಲಿ, ಇಲ್ದಿದ್ರೆ ನೀವಾದ್ರೂ ಉಣ್ತೀರ ಅಂತ ಹುಯ್ದೆ."

ಎಲ್ಲಕ್ಕೂ ಕಾರಣ ಹೇಳುತ್ತಿದ್ದ ಮಾವ ಒಲೆಯ ಮುಂದೆ ಕೂತರು. "ಪ್ರಯೋಗ ಮುಗೀತು. ಇಬ್ಬರಿಗೂ ಬಡಿಸು" ಎಂದರು.

ಕೆಲವು ದಿನಗಳ ನಂತರ ನಿಜವಾದ ಮಳೆ ಬಂತು. ಮಾವ ಸೀಸೆಯ ನೀರನ್ನು ಅಳೆಯಲಿಲ್ಲ, ನಮಗೂ ತೋರಿಸಲಿಲ್ಲ. ಕೋಟಿನೊಳಗೆ ಇಟ್ಟುಕೊಂಡು ಅಡುಗೆಮನೆಗೆ ಓಡಿ ಮೊದಲು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಬಾಗಿಲ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಸಾಸಿವೆ ಇಲ್ಲ. ಮಳೇದೇ."

ಮಾವನ ಕಣ್ಣಲ್ಲಿ ನೀರು ಬಂತು. ಆ ನೀರು ಹೇಗೆ ಬರುತ್ತದೆಂದು ಮಾತ್ರ ಅವರು ನಮಗೆ ಎಂದೂ ಪಾಠ ಮಾಡಲಿಲ್ಲ.