ಹೆಸರಿಲ್ಲದ ಲೋಟ

ವೇದವ್ಯಾಸನ ಮನೆಯಲ್ಲಿದ್ದ ಹದಿಮೂರು ಸ್ಟೀಲ್ ಲೋಟಗಳಲ್ಲಿ ಹನ್ನೆರಡರ ಮೇಲೆ ಅವನ ಹೆಸರು ಕೆತ್ತಿತ್ತು. ಅವು ಅಡುಗೆಮನೆಯಲ್ಲಿರುತ್ತಿದ್ದವು. ಹದಿಮೂರನೆಯದರ ಮೇಲೆ ಏನೂ ಇರಲಿಲ್ಲ. ಅದು ಹಿತ್ತಲ ಕಿಟಕಿಯ ಮೇಲೆ ಬೋರಲು ಬಿದ್ದಿರುತ್ತಿತ್ತು. ಮೋಟರು, ಕಟ್ಟಿಕೊಂಡ ಮೋರಿ ಸರಿಮಾಡಲು ಕೌಲ್ ಬಜಾರಿನಿಂದ ಬರುವ ಹೊನ್ನೂರಸ್ವಾಮಿಗೆ ಅದರಲ್ಲಿ ಚಹಾ. ಕುಡಿದ ಮೇಲೆ ಅವನೇ ತೊಳೆದು ಅವನೇ ಬೋರಲು ಹಾಕಬೇಕು. ಹೊನ್ನೂರಸ್ವಾಮಿಯ ಜಾತಿಯನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಕೆಲಸವನ್ನು ಲೋಟಕ್ಕೆ ಬಿಟ್ಟಿದ್ದರು.

ಹತ್ತು ವರ್ಷ ಯಾರ ಕಣ್ಣಿಗೂ ಚುಚ್ಚದ ಆ ಲೋಟ ಶನಿವಾರ ಸಂಜೆ ಒಂದು ಸಿನಿಮಾದ ದೆಸೆಯಿಂದ ಚುಚ್ಚಿತು.

ಸತ್ಯನಾರಾಯಣಪೇಟೆಯ ಚಿತ್ರ ಬಳಗದವರು ಅಂದು ತೋರಿಸಿದ್ದು ಅಮೆರಿಕದ ಕಪ್ಪು ಬಡಗಿಯೊಬ್ಬನ ಕತೆ. ಅವನು ಬಿಳಿಯರ ಮನೆಗೆ ಊಟದ ಮೇಜು ಮಾಡಿಕೊಡುತ್ತಾನೆ, ಅದರ ಮುಂದೆ ಕೂರುವಂತಿಲ್ಲ. ಬಾಯಾರಿದರೆ ಹಿಂಬಾಗಿಲ ಮೊಳೆಗೆ ತೂಗುಹಾಕಿದ ತಗಡಿನ ಮಗ್ಗಿನಲ್ಲಿ ನೀರು. ಮಗ್ಗು ತೆರೆಯ ತುಂಬ ಬಂದಾಗ ಬಳಗವೆಲ್ಲ ಅತ್ತಿತು. ವೇದವ್ಯಾಸನಂತೂ ಕುಕ್ಕರಿನ ಹಾಗೆ ಮೂರು ಸಲ ಮೂಗಿನಿಂದ ಸೀಟಿ ಹೊಡೆದ. ದೀಪ ಹತ್ತಿದೊಡನೆ ಎದ್ದು ನಿಂತು, "ಇಂಥಾ ಪಾಪಿಗಳು ನಮ್ಮ ದೇಶದಾಗ ಹುಟ್ಟಲಿಲ್ಲ, ಅದು ನಮ್ಮ ಪುಣ್ಯ" ಎಂದ. ಚಪ್ಪಾಳೆ ಬಿತ್ತು.

ಅವನಿಗೆ ಆ ಚಪ್ಪಾಳೆ ಬೇಕಾಗಿತ್ತು. ಮರುದಿನ ಅವನ ಮನೆಯಲ್ಲೇ ಬಳಗದ ಕಾರ್ಯದರ್ಶಿಯ ಆಯ್ಕೆ. ವಿಮಾ ಕಚೇರಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ಸಹಿಗಾಗಿ ಫೈಲು ಹಿಡಿದು ಬಾಗಿಲಲ್ಲಿ ನಿಂತವನು ಅವನು. ತನ್ನ ಸಹಿಗೂ ಯಾರಾದರೂ ಕಾಯಬೇಕು ಎಂಬುದೊಂದೇ ಆಸೆ.

ಎದುರಾಳಿ ಸಿರುಗುಪ್ಪದಲ್ಲಿ ರೈಸ್ ಮಿಲ್ ನಡೆಸುವ ದೊಡ್ಡಬಸವರಾಜ. ಹೊರಗೆ ಚಪ್ಪಲಿ ಹುಡುಕುತ್ತ ಅವನು ಎಲ್ಲರಿಗೂ ಕೇಳುವಂತೆ ಅಂದ, "ಅಲ್ರೀ ಆಚಾರ್ರೇ, ಆ ಮಗ್ ನೋಡಿ ನನಗ ನಿಮ್ಮ ಹಿತ್ತಲ ಕಿಟಕಿ ನೆನಪಾತು. ಅಲ್ಲೊಂದು ಲೋಟ ಐತೆಲ್ಲ?"

"ಅದಾ... ಅದು ಗಿಡಕ್ಕ ನೀರು ಹಾಕೋದ್ರಿ."

"ಅದರ ಬಾಯಿ ಸುತ್ತ ಚಹಾಪುಡಿ ಅಂಟಿತ್ತು. ನಿಮ್ಮ ಗಿಡ ಚಹಾ ಕುಡೀತಾವೇನ್ರಿ?"

ಮರುದಿನ ಬೆಳಿಗ್ಗೆ ಏಳಕ್ಕೇ ವೇದವ್ಯಾಸ ತಾಯಿಯ ಮುಂದೆ ನಿಂತ. "ಅಮ್ಮಾ, ಕಿಟಕಿ ಮ್ಯಾಲಿನ ಲೋಟ ಇನ್ನ ಒಳಗಿನ ಲೋಟದ ಜೋಡಿ ಇರಬೇಕು."

ತಿರುಮಲಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. "ಯಾಕೋ ವ್ಯಾಸ, ಮೈಯಾಗ ಆರಾಮ ಇಲ್ಲೇನು?"

"ಸಿನಿಮಾ ನೋಡಿದೆ."

"ಹೋದ ತಿಂಗಳ ಕಾಡಿನ ಸಿನಿಮಾ ನೋಡಿ ಬಂದು ಹುಲಿ ಉಳಸ್ತೀನಿ ಅಂದಿ. ಈಗ ಲೋಟ. ಒಳಗಿಟ್ರ ಯಾವುದು ಅವನದು ಅಂತ ಹ್ಯಾಂಗ ಗೊತ್ತಾಗಬೇಕು?"

"ಗೊತ್ತಾಗಬಾರದು! ಅದಕ್ಕ ಸಮಾನತೆ ಅಂತಾರ."

"ಹಂಗಾದ್ರ ನೀನ ತಂದಿಡು. ನಾ ಮಡಿಯಾಗಿದ್ದೀನಿ."

ವೇದವ್ಯಾಸ ಹಿತ್ತಲಿಗೆ ಹೋಗಿ ಕೈ ಚಾಚಿದ. ಕೈ ಲೋಟಕ್ಕೆ ಒಂದು ಗೇಣು ಈಚೆ ನಿಂತುಬಿಟ್ಟಿತು. ಕಣ್ಣು ಸಿನಿಮಾ ನೋಡಿತ್ತು, ಕೈ ನೋಡಿರಲಿಲ್ಲ.

ಅಷ್ಟರಲ್ಲಿ, ಸಂಜೆ ಬರುವವರಿಗೆ ವಾಸನೆ ಬಾರದಿರಲೆಂದು ಮೋರಿ ಬಿಡಿಸಲು ಹೇಳಿದ್ದ ಹೊನ್ನೂರಸ್ವಾಮಿ ಬಂದ.

"ಬಾರಪ್ಪಾ ಹೊನ್ನೂರಸ್ವಾಮಿ, ಬಾ!"

ಹೊನ್ನೂರಸ್ವಾಮಿ ಹಿಂದೆ ತಿರುಗಿ ನೋಡಿದ. ನಿನ್ನೆಯವರೆಗೆ ಅವನು ಈ ಮನೆಯಲ್ಲಿ 'ಲೇ' ಆಗಿದ್ದ.

"ಮೋರಿ ಆದ ಮ್ಯಾಲೆ ಈ ಲೋಟ ಪಾತ್ರೆ ಅಂಗಡಿಗೆ ಒಯ್ದು ನನ್ನ ಹೆಸರು ಕೆತ್ತಿಸ್ಕೊಂಡು ಬಾ. ಇನ್ನ ಇದು ಒಳಗ. ನಾವೆಲ್ಲಾ ಒಂದ."

"ಯಾವಾಗಿಂದ್ರಿ?"

"ನಿನ್ನೆ ಸಂಜಿಯಿಂದ. ಒಂದಿನ ನಿಮ್ಮ ಮನಿಗೂ ಬರ್ತೀನಿ, ಚಹಾ ಕುಡೀತೀನಿ."

ಹೊನ್ನೂರಸ್ವಾಮಿ ಲೋಟವನ್ನೊಮ್ಮೆ, ವೇದವ್ಯಾಸನನ್ನೊಮ್ಮೆ ನೋಡಿದ. "ಆತ್ರಿ" ಎಂದ. ಮೋರಿ ಬಿಡಿಸಿ, ಲೋಟವನ್ನು ಸ್ಕೂಟರಿನ ಡಿಕ್ಕಿಗೆ ಹಾಕಿಕೊಂಡು ಹೋದ.

ವೇದವ್ಯಾಸ ಮಧ್ಯಾಹ್ನವೆಲ್ಲ ಟೈಪಿಂಗ್ ಅಂಗಡಿಯಲ್ಲಿ ಕೂತು, ಕಾರ್ಯದರ್ಶಿಯಾದ ಮೇಲೆ ಓದುವ ಭಾಷಣ ಟೈಪು ಮಾಡಿಸಿಕೊಂಡ. ನಾಲ್ಕಕ್ಕೆ ಬಂದು, "ಅಮ್ಮಾ, ಲೋಟ?" ಎಂದ. ತಿರುಮಲಮ್ಮ ಧಾರಾವಾಹಿಯಿಂದ ಕಣ್ಣು ತೆಗೆಯದೆ, "ಎಲ್ಲಾ ತೊಳದು ಒಳಗ ಜೋಡಿಸೀನಿ" ಎಂದರು. ಅವನಿಗೆ ಅಷ್ಟೇ ಸಾಕಾಯಿತು.

ಐದಕ್ಕೆ ಬಳಗದ ಏಳು ಮಂದಿ ಬಂದರು. ಅಧ್ಯಕ್ಷರು ಕುರುಗೋಡಿನ ನಿವೃತ್ತ ಹೆಡ್ಮಾಸ್ತರು ಚಿದಾನಂದಪ್ಪ. ನಿನ್ನೆ ಎಲ್ಲರಿಗಿಂತ ಹೆಚ್ಚು ಅತ್ತಿದ್ದ ಕಾಲೇಜು ಉಪನ್ಯಾಸಕಿ ಮೇಘಾ ಕೂಡ ಇದ್ದಳು. ದೊಡ್ಡಬಸವರಾಜ ಕೂರಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಬಂದ.

"ಕಿಟಕಿ ಖಾಲಿ ಐತಿ. ಎಲ್ಲಿ ಮುಚ್ಚಿಟ್ರಿ ಆಚಾರ್ರೇ?"

ವೇದವ್ಯಾಸ ಇದಕ್ಕೇ ಕಾದಿದ್ದ. "ಮುಚ್ಚಿಟ್ಟಿಲ್ರಿ. ಅದರ ಮ್ಯಾಲೂ ನನ್ನ ಹೆಸರು ಕೆತ್ತಿಸಿ ಒಳಗಿನ ಲೋಟದಾಗ ಕೂಡಿಸೀನಿ. ಈಗ ಅದು ಯಾವುದು ಅಂತ ನನಗೂ ಗೊತ್ತಾಗಂಗಿಲ್ಲ!"

"ನೋಡ್ರಿ, ಒಂದು ಸಿನಿಮಾಕ್ಕ ಎಂಥಾ ಶಕ್ತಿ ಐತಿ!" ಎಂದು ಚಿದಾನಂದಪ್ಪ ತೊಡೆ ತಟ್ಟಿದರು. ಮೇಘಾಳ ಕಣ್ಣು ಮತ್ತೆ ತುಂಬಿದವು. "ಆಯ್ಕೆ ಯಾಕ ಬೇಕ್ರಿ ಸರ್, ಇವರ ಆಗಲಿ" ಎಂದಳು. ದೊಡ್ಡಬಸವರಾಜನ ಮುಖ ನೆನೆದ ಹಪ್ಪಳದಂತಾಯಿತು.

ಆಗ ತಿರುಮಲಮ್ಮ ಕಾಫಿ ತಂದರು. ತಟ್ಟೆಯಲ್ಲಿ ಎಂಟು ಲೋಟ. ಎಂಟರ ಮೇಲೂ 'ವೇದವ್ಯಾಸ'.

ಎಲ್ಲರೂ ಒಂದೊಂದು ಎತ್ತಿಕೊಂಡರು. ಯಾರೂ ಕುಡಿಯಲಿಲ್ಲ. ಚಿದಾನಂದಪ್ಪ ಕನ್ನಡಕ ಏರಿಸಿ ಅಕ್ಷರಗಳು ಹೊಸವೋ ಹಳೆಯವೋ ಎಂದು ಪರೀಕ್ಷಿಸಿದರು. ಮೇಘಾ ಲೋಟವನ್ನು ಮೆಲ್ಲಗೆ ಸುತ್ತು ತಿರುಗಿಸಿದಳು. ಹೆಣ್ಣು ನೋಡಲು ಬಂದವರೂ ಅಷ್ಟು ಕೂಲಂಕಷವಾಗಿ ನೋಡುವುದಿಲ್ಲ.

"ನನಗ ಶುಗರ್ ಐತ್ರಿ" ಎಂದು ಚಿದಾನಂದಪ್ಪ ಲೋಟ ಕೆಳಗಿಟ್ಟರು.

"ನಿಮ್ಮದಕ್ಕ ಸಕ್ಕರಿ ಹಾಕಿಲ್ರಿ" ಎಂದರು ತಿರುಮಲಮ್ಮ.

"ಹಾಲಿನಾಗೂ ಇರತೈತಂತ್ರಿ."

"ನಾನು ಕಾಫಿ ಬಿಟ್ಟೀನ್ರಿ" ಎಂದಳು ಮೇಘಾ.

"ಯಾವಾಗ್ರಿ?"

"ಈಗ... ಈ ವಾರ."

ದೊಡ್ಡಬಸವರಾಜ ತನಗೆ ಸೋಮವಾರ ಒಪ್ಪತ್ತು ಎಂದ. ಇವತ್ತು ಭಾನುವಾರ ಎಂದು ಯಾರೋ ನೆನಪಿಸಿದರು. "ಹೌದ್ರಿ, ಹಿಂದಿನ ದಿನದಿಂದನ ಹೊಟ್ಟಿ ತಯಾರಿ ಮಾಡ್ತೀನಿ" ಎಂದ. ಹೇಳಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. "ಎಲ್ಲಾರ್ಗಿಂತ ಮೊದಲು ನೀವು ಕುಡೀರಿ ಆಚಾರ್ರೇ. ನಿಮ್ಮ ಸಮಾನತೆ, ನಿಮ್ಮ ಹೆಸರು."

ಏಳು ಜೊತೆ ಕಣ್ಣು ವೇದವ್ಯಾಸನ ತುಟಿಯ ಮೇಲೆ ನೆಟ್ಟವು. ಅವನು ಲೋಟ ಎತ್ತಿದ. ಕಪ್ಪು ಬಡಗಿಯನ್ನು ನೆನೆಸಿಕೊಂಡ. ನೆನಪಾದದ್ದು ಬೆಳಿಗ್ಗೆ ಮೋರಿಯೊಳಗೆ ಮೊಣಕೈವರೆಗೆ ಇಳಿದಿದ್ದ ಹೊನ್ನೂರಸ್ವಾಮಿಯ ಕೈ. ಮೋರಿ ತನ್ನದೇ ಮನೆಯದು ಎಂಬುದು ನೆನಪಾಗಲಿಲ್ಲ. ತುಟಿಗೆ ಒಂದು ಗೇಣು ಈಚೆಯೇ ಲೋಟ ವಾಲಿತು, ಕಾಫಿಯೆಲ್ಲ ಟೈಪು ಮಾಡಿಸಿದ ಭಾಷಣದ ಮೇಲೆ ಚೆಲ್ಲಿತು.

"ಛೇ" ಎಂದರು ಚಿದಾನಂದಪ್ಪ, ತಮ್ಮ ತುಂಬಿದ ಲೋಟವನ್ನು ಇನ್ನಷ್ಟು ದೂರ ಸರಿಸುತ್ತ. "ಮನಸ್ಸಿನಾಗ ಇಷ್ಟು ಭೇದ ಇಟ್ಕೊಂಡವರು ನಮ್ಮ ಬಳಗಕ್ಕ ಕಾರ್ಯದರ್ಶಿ ಹ್ಯಾಂಗ ಆಗ್ತಾರ್ರಿ?" ಐದು ನಿಮಿಷದಲ್ಲಿ ದೊಡ್ಡಬಸವರಾಜ ಆಯ್ಕೆಯಾದ. ನಡಾವಳಿ ಪುಸ್ತಕಕ್ಕೆ ಅವನ ಸಹಿಯೂ ಬಿತ್ತು.

ಅಷ್ಟರಲ್ಲಿ ಬೆಳಿಗ್ಗೆ ಮರೆತು ಹೋಗಿದ್ದ ಮೋರಿ ಬಿಡಿಸುವ ಕಂಬಿ ಒಯ್ಯಲು ಹೊನ್ನೂರಸ್ವಾಮಿ ಬಾಗಿಲಿಗೆ ಬಂದ.

"ಸರ, ಹೆಸರು ಕೆತ್ತಿಸಿದೆರಿ. ದಪ್ಪ ಅಕ್ಷರದಾಗ ಬಂದೈತಿ."

"ಅದು ಗೊತ್ತದ, ಹೋಗು" ಎಂದ ವೇದವ್ಯಾಸ.

"ಹ್ಯಾಂಗ ಗೊತ್ರಿ? ಲೋಟ ನಮ್ಮ ಮನ್ಯಾಗ ಐತೆಲ್ರಿ."

ಎಲ್ಲರೂ ತಮ್ಮ ತಮ್ಮ ಲೋಟದತ್ತ ನೋಡಿದರು. ಆಮೇಲೆ ಏಳು ಕೈ ಒಟ್ಟಿಗೆ ಚಾಚಿದವು. ಚಿದಾನಂದಪ್ಪನವರ ಶುಗರು ಇಳಿಯಿತು, ಮೇಘಾ ಬಿಟ್ಟ ಕಾಫಿ ಹಿಡಿದಳು, ದೊಡ್ಡಬಸವರಾಜನ ಒಪ್ಪತ್ತು ಸೋಮವಾರಕ್ಕೇ ವಾಪಸು ಹೋಯಿತು. ಆರಿದ ಕಾಫಿಯನ್ನು ಎಲ್ಲರೂ ಸೊರ್ರೆಂದು ಹೀರಿದರು.

"ಹಂಗಾದ್ರ ಇನ್ನೊಮ್ಮೆ ಆಯ್ಕೆ ಮಾಡೋಣ್ರಿ!" ಎಂದ ವೇದವ್ಯಾಸ.

"ಸಹಿ ಆಗೇತ್ರಿ" ಎಂದ ಹೊಸ ಕಾರ್ಯದರ್ಶಿ, ಮೀಸೆ ಒರೆಸಿಕೊಳ್ಳುತ್ತ.

ವೇದವ್ಯಾಸ ಬಾಗಿಲ ಕಡೆ ತಿರುಗಿದ. "ನನ್ನ ಹೆಸರಿನ ಲೋಟ ನಿನ್ನ ಮನ್ಯಾಗ ಯಾಕಲೇ?"

"ನೀವ ಬರ್ತೀನಿ ಅಂದ್ರೆಲ್ರಿ, ಚಹಾಕ್ಕ. ಒಳಗಿನ ಲೋಟದ ಜೋಡಿ ಕೂಡಿಸಬ್ಯಾಡ ಅಂದ್ಲು ನಮ್ಮವ್ವ. ಅದಕ್ಕ ಹಿತ್ತಲ ಕಿಟಕಿ ಮ್ಯಾಲೆ ಬೋರಲು ಇಟ್ಟೀನಿ." ಹೊನ್ನೂರಸ್ವಾಮಿ ಕಂಬಿಯನ್ನು ಹೆಗಲಿಗೇರಿಸಿದ. "ಕುಡಿದಾದ ಮ್ಯಾಲೆ ನೀವ ತೊಳದಿಟ್ರ ಆತ್ರಿ."